ನೀವ್ಯಾವ ದೊಣ್ಣೆನಾಯಕ ಅಂತ ಕೇಳುವವರಿಗೆ

ಹಕ್ಕಿ ಫೋಟೋ ತೆಗೆಯುವ ನಮ್ಮ ಬಳಗದಲ್ಲಿ ಈಗ ಹೊಸ ಪ್ರಶ್ನೆಯೊಂದು ಹುಟ್ಟಿದೆ. "ಗೂಡಿನ ಹತ್ತಿರ ಹೋಗಬೇಡಿ" ಅಂದರೆ, "ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೀಬೇಡಿ" ಅಂದರೆ, "ಜಾಗದ ಹೆಸರು ಬರೀಬೇಡಿ" ಅಂದರೆ ಥಟ್ಟನೆ ಬರುವ ಉತ್ತರ ಒಂದೇ: "ಹೇಳೋಕೆ ನೀವ್ಯಾವ ದೊಣ್ಣೆನಾಯಕ?"

ಒಳ್ಳೆ ಪ್ರಶ್ನೆಯೇ. ಉತ್ತರ ಕೊಡೋಣ ಅಂತಲೇ ಇದನ್ನು ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಪಕ್ಕಕ್ಕಿಟ್ಟುಕೊಳ್ಳಿ :-)

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದಾರೋ ಗೊತ್ತಿಲ್ಲ. ಅದರ ಎರಡನೇ ಕಲಮಿನಲ್ಲಿ "ಬೇಟೆ" ಅಂದರೆ ಏನು ಅಂತ ವಿವರಿಸಿದ್ದಾರೆ. ಕೊಲ್ಲುವುದು, ವಿಷ ಇಡುವುದು, ಬಲೆ ಹಾಕುವುದು, ಇವೆಲ್ಲ ಇವೆ, ಸರಿ. ಅದೇ ವಿವರಣೆಯೊಳಗೆ ಪ್ರಾಣಿಗೆ ಆಮಿಷ ಒಡ್ಡುವುದೂ ಇದೆ. ಕಾಡು ಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಮಾಡುವುದೂ ಇದೆ. ಅಂದರೆ ಕೋವಿ ಹಿಡಿದವನೂ, ಗೂಡಿನ ಮುಂದಿನ ಕೊಂಬೆ ಕತ್ತರಿಸಿ ಕ್ಯಾಮರಾ ಹಿಡಿದವನೂ ಕಾಯ್ದೆಯ ಕಣ್ಣಿಗೆ ಒಂದೇ ಪದದ ಕೆಳಗೆ ಬರುತ್ತಾರೆ. ಇದನ್ನು ನಾನು ಹುಟ್ಟಿಸಿದ್ದಲ್ಲ ಸ್ವಾಮಿ. ಐವತ್ತು ವರ್ಷದಿಂದ ಅಲ್ಲೇ ಕೂತಿದೆ.

ಆದರೆ ಕಾನೂನು ಇದ್ದ ಮಾತ್ರಕ್ಕೆ ಏನೂ ಆಗಲ್ಲ ಅನ್ನೋದು ನಮಗೆಲ್ಲ ಗೊತ್ತು. ಕೆರೆ ಏರಿ ಮೇಲಿನ ಜಾಲಿ ಮುಳ್ಳಿನಲ್ಲಿ ಸೂರಕ್ಕಿ ಗೂಡು ಕಟ್ಟಿದರೆ ಅದಕ್ಕೆ ಗಾರ್ಡ್ ಬರ್ತಾನಾ? ಇರುವ ಗಾರ್ಡುಗಳಿಗೆ ಆನೆ ಓಡಿಸಿ, ಬೆಂಕಿ ಆರಿಸಿ ಮುಗಿಯೋದೇ ಇಲ್ಲ. ಅಲ್ಲಿ ಇರೋದು ನಾವು ಮಾತ್ರ. ನೋಡುವವರೂ ನಾವೇ, ತಪ್ಪು ಮಾಡುವವರೂ ನಾವೇ. ಹಾಗಾದರೆ ಬೇಡ ಅನ್ನುವವರು ಇನ್ಯಾರು?

ಒಂದು ಗೂಡಿನ ಫೋಟೋದಿಂದ ಏನಾಗುತ್ತೆ ಅನ್ನುವವರಿಗೆ ಅದನ್ನು ಬಿಡಿಸಿ ಹೇಳಬೇಕು. ಬರೀ "ಪಾಪ ಹಕ್ಕಿ" ಅಂದರೆ ಯಾರೂ ಕೇಳಲ್ಲ. ಟುವ್ವಿ ಹಕ್ಕಿಯನ್ನೇ ತಗೊಳ್ಳಿ. ಗಾತ್ರದಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಎಲೆಗೆ ತೂತು ಮಾಡಿ, ಜೇಡರ ಬಲೆಯ ಎಳೆ, ಹತ್ತಿಯ ನಾರು ಪೋಣಿಸಿ, ಎಲೆ ಹೊಲಿದು, ಆ ಜೇಬಿನೊಳಗೆ ಗೂಡು ಮಾಡುತ್ತೆ. ಅದು ಅಷ್ಟು ಕಷ್ಟ ಪಡುವುದೇ ಗೂಡು ಕಾಣಬಾರದು ಅಂತ. ನಮ್ಮವನಿಗೆ ಅದು ಕಾಣಬೇಕು. ಹಾಗಾಗಿ ಅಡ್ಡ ಬಂದ ಎರಡು ಎಲೆ ಪಕ್ಕಕ್ಕೆ ಕಟ್ಟುತ್ತಾನೆ, ಮೂರನೆಯದನ್ನು ಕೀಳುತ್ತಾನೆ. ಫೋಟೋ ಆಯ್ತು, ಮನೆಗೆ ಹೋದ. ಈಗ ಅದೇ ಕಿಟಕಿಯಿಂದ ಕಾಗೆಗೂ ಕಾಣುತ್ತೆ, ಕೆಂಬೂತಕ್ಕೂ ಕಾಣುತ್ತೆ. ನೆರಳು ಹೋಗಿದ್ದರಿಂದ ಹನ್ನೊಂದು ಗಂಟೆಯ ಬಿಸಿಲು ನೇರ ಮರಿಗಳ ಮೇಲೆ. ಪುಕ್ಕ ಬರದ ಮರಿಗೆ ಆ ಬಿಸಿಲು ತಡೆಯುವ ಶಕ್ತಿ ಇರಲ್ಲ. ಬಾಯಿ ಕಳೆದು ಏದುಸಿರು ಬಿಡುತ್ತೆ. ನಮ್ಮವನ ಫೋಟೋದಲ್ಲಿ ಅದು "ಹಸಿದ ಕಂದಮ್ಮಗಳು, ಅಮ್ಮನಿಗಾಗಿ ಕಾಯುತ್ತಾ…"

ಅಮ್ಮ ಎಲ್ಲಿ? ಅಮ್ಮ ಹುಳು ಕಚ್ಚಿಕೊಂಡು ಆಚೆ ಕೊಂಬೆಯಲ್ಲಿ ಕೂತಿದೆ. ಗೂಡಿನ ಮುಂದೆ ಒಬ್ಬ ಮನುಷ್ಯ ಇರೋವರೆಗೂ ಬರಲ್ಲ. ಬಂದರೆ ಗೂಡು ಎಲ್ಲಿದೆ ಅಂತ ತೋರಿಸಿದ ಹಾಗೆ, ಅದರ ಬುದ್ಧಿಗೆ ಅಷ್ಟು ಗೊತ್ತು. ಹತ್ತು ನಿಮಿಷ ಹೀಗೆ ಕಳೆದರೆ ಪರವಾಗಿಲ್ಲ ಅನ್ನಿ. ಆದರೆ ಒಬ್ಬ ಹೋಗಿ ಜಾಗ ಹೇಳಿದ ಮೇಲೆ ಭಾನುವಾರ ಇಪ್ಪತ್ತು ಜನ ಬರುತ್ತಾರೆ. ಪ್ರತಿಯೊಬ್ಬನೂ "ನಾನು ಹತ್ತೇ ನಿಮಿಷ ಇದ್ದೆ" ಅಂತ ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಹಕ್ಕಿಯ ಲೆಕ್ಕದಲ್ಲಿ ಅದು ಇನ್ನೂರು ನಿಮಿಷ.

ಮಂಗಟ್ಟೆಯದು ಇನ್ನೂ ಕಷ್ಟ. ಹೆಣ್ಣು ಮರದ ಪೊಟರೆಯೊಳಗೆ ಕೂತು, ಬಾಗಿಲನ್ನು ತಾನೇ ಮೆತ್ತಿಕೊಂಡು ಬರೀ ಒಂದು ಸೀಳು ಬಿಟ್ಟಿರುತ್ತೆ. ತಿಂಗಳುಗಟ್ಟಲೆ ಗಂಡು ತಂದು ಕೊಟ್ಟ ಹಣ್ಣೇ ಅದಕ್ಕೂ ಮರಿಗೂ ಊಟ. ಗಂಡು ತುಂಬ ನಾಚಿಕೆಯ ಹಕ್ಕಿ. ಕೆಳಗೆ ಟ್ರೈಪಾಡುಗಳ ಸಾಲು ಕಂಡರೆ ದೂರದ ಮರದಲ್ಲೇ ಕೂತು, ಹಣ್ಣು ಗಂಟಲಲ್ಲಿ ಇಟ್ಟುಕೊಂಡೇ ವಾಪಸ್ ಹೋಗುತ್ತೆ. ಒಳಗಿರುವವಳು ಏನು ಮಾಡಬೇಕು? ಬೀಗ ಹಾಕಿದ ಮನೆಯೊಳಗೆ ಬಾಣಂತಿ, ರೇಷನ್ ತರುವವನನ್ನು ಬೀದಿ ಬಾಗಿಲಲ್ಲೇ ನಾವು ತಡೆದು ನಿಲ್ಲಿಸಿದ ಹಾಗೆ.

ಇನ್ನು ಕೂಗು ಹಾಕುವವರು. ಮಡಿವಾಳ ಹಕ್ಕಿ ಹಾಡುವುದು ನಮ್ಮನ್ನು ರಂಜಿಸೋಕೆ ಅಲ್ಲ. ಇದು ನನ್ನ ಹಿತ್ತಲು, ಬೇರೆ ಗಂಡು ಇತ್ತ ಬರಬೇಡ ಅಂತ. ಬ್ಲೂಟೂತ್ ಸ್ಪೀಕರಿನಲ್ಲಿ ಅದೇ ಹಾಡು ಹಾಕಿದರೆ ಅದಕ್ಕೆ ಮನೆಗೆ ಕಳ್ಳ ನುಗ್ಗಿದ ಹಾಗೆ. ಹಾರಿ ಬರುತ್ತೆ, ಎದೆ ಉಬ್ಬಿಸುತ್ತೆ, ಸುತ್ತ ಹುಡುಕುತ್ತೆ, ಯಾರೂ ಸಿಗಲ್ಲ. ಮತ್ತೆ ಹಾಕುತ್ತಾರೆ, ಮತ್ತೆ ಬರುತ್ತೆ. "ಒಳ್ಳೆ ಪೋಸ್ ಕೊಡ್ತು ಸಾರ್!" ಪೋಸ್ ಅಲ್ಲ ಅದು, ಗಾಬರಿ. ಹುಳು ಹಿಡಿಯುವ ಹೊತ್ತು, ಗೂಡು ಕಾಯುವ ಹೊತ್ತು ನಮ್ಮ ಇಲ್ಲದ ಹಕ್ಕಿಯ ಜೊತೆ ಜಗಳಕ್ಕೆ ಹೋಯಿತು.

ಇಷ್ಟು ಹೇಳಿದ ಮೇಲೆ ಸಾಮಾನ್ಯವಾಗಿ ಬರುವ ವಾದಗಳು ನನಗೆ ಬಾಯಿಪಾಠ ಆಗಿವೆ.

"ಸಲೀಂ ಅಲಿಯವರೇ ಕೋವಿ ಹಿಡಿದು ಹಕ್ಕಿ ಹೊಡೆದಿದ್ದರಲ್ಲ?" ಹೌದು, ಹೊಡೆದಿದ್ದರು. ಮುಚ್ಚಿಟ್ಟವರೂ ಅಲ್ಲ. ಹುಡುಗನಾಗಿದ್ದಾಗ ಹೊಡೆದ ಗುಬ್ಬಿಯೊಂದರಿಂದಲೇ ತಮ್ಮ ಆತ್ಮಕಥೆಗೆ ಹೆಸರಿಟ್ಟರು. ಆ ಕಾಲದಲ್ಲಿ ಯಾವ ಹಕ್ಕಿ ಯಾವುದು ಅಂತ ಗೊತ್ತುಮಾಡಿಕೊಳ್ಳೋಕೆ ಚರ್ಮ ಸಂಗ್ರಹಿಸುವುದೇ ದಾರಿಯಾಗಿತ್ತು. ಅದೇ ಮನುಷ್ಯ ಮೈಸೂರು ಅರಸರಿಗೆ ಹೇಳಿ 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿಸಿದರು. ಅವರ ಕೋವಿ ನಮಗೆ ನೆನಪಿರುತ್ತೆ, ರಂಗನತಿಟ್ಟು ಮರೆತುಹೋಗುತ್ತೆ. ಗೂಡಿನ ಫೋಟೋದ್ದೂ ಇದೇ ಕಥೆ. ರೀಲಿನ ಕಾಲದಲ್ಲಿ ಫಿಲ್ಮ್ ನಿಧಾನ, ಲೆನ್ಸ್ ಗಿಡ್ಡ. ಹಕ್ಕಿ ಮತ್ತೆ ಮತ್ತೆ ಬಂದು ಕೂರುವ ಜಾಗ ಅಂದರೆ ಗೂಡು, ಅಲ್ಲೇ ಮರೆ ಕಟ್ಟಿಕೊಂಡು ದಿನಗಟ್ಟಲೆ ಕೂರುತ್ತಿದ್ದರು. ಈಗ 600 ಎಂಎಂ ಲೆನ್ಸು, ಸೆಕೆಂಡಿಗೆ 20 ಫೋಟೋ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿಕೊಳ್ಳುವ ಕ್ಯಾಮರಾ. ಇಷ್ಟಿದ್ದೂ ಗೂಡೇ ಬೇಕು ಅನ್ನುವವನಿಗೆ ಬೇಕಾಗಿರೋದು ಹಕ್ಕಿ ಅಲ್ಲ, ಸುಲಭ.

"ಜನರಲ್ಲಿ ಜಾಗೃತಿ ಮೂಡುತ್ತೆ." ಎಷ್ಟು ಮೂಡಬೇಕು? ಸೂರಕ್ಕಿ ಮರಿಗೆ ಉಣಿಸುವ ಫೋಟೋ ಈಗಾಗಲೇ ಲಕ್ಷಗಟ್ಟಲೆ ಇರಬಹುದು. ನಿಮ್ಮದು ಬಂದ ಮೇಲೆ ಹೊಸದಾಗಿ ಎಚ್ಚೆತ್ತವರು ಯಾರು? ನಮ್ಮ ಪೈಕಿ ಬಹಳ ಜನ ಹಕ್ಕಿ ಹುಚ್ಚಿಗೆ ಬಿದ್ದದ್ದು ತೇಜಸ್ವಿಯವರ "ಹಕ್ಕಿಪುಕ್ಕ" ಓದಿ. ಓದಿದವರು ಮೊದಲು ಮಾಡಿದ ಕೆಲಸ ಹಿತ್ತಲಿಗೆ ಹೋಗಿ ಸುಮ್ಮನೆ ನಿಂತು ನೋಡಿದ್ದು.

ಮೂರನೆಯ ವಾದ ಸ್ವಲ್ಪ ಗಟ್ಟಿ. "ಗಣಿಗಾರಿಕೆ, ಹೆದ್ದಾರಿ, ಕೆರೆ ಒತ್ತುವರಿ, ಇವುಗಳ ಮುಂದೆ ನಮ್ಮದು ಯಾವ ಲೆಕ್ಕ?" ಒಪ್ಪಿದೆ, ಗಾತ್ರದಲ್ಲಿ ಯಾವ ಲೆಕ್ಕವೂ ಇಲ್ಲ. ಆದರೆ ಹೆಸರಘಟ್ಟದ ಹುಲ್ಲುಗಾವಲನ್ನೇ ನೋಡಿ. ಅದನ್ನು ಉಳಿಸಿ ಅಂತ ವರ್ಷಗಟ್ಟಲೆ ಕೂಗಿದವರಲ್ಲಿ ಹಕ್ಕಿ ನೋಡುವವರೇ ಮುಂದೆ ಇದ್ದದ್ದು. ಅದೇ ಹುಲ್ಲಿನ ಮೇಲೆ ಚಳಿಗಾಲದ ಬೆಳಗ್ಗೆ ಹದ್ದು, ಡೇಗೆಗಳ ಹಿಂದೆ ಕಾರು ಓಡಿಸಿದವರೂ ಹಕ್ಕಿ ಫೋಟೋದವರೇ. ಟಿಟ್ಟಿಭ, ನೆಲಗುಬ್ಬಿಗಳು ಮೊಟ್ಟೆ ಇಡೋದು ಬರೀ ನೆಲದಲ್ಲಿ, ಮಣ್ಣಿನ ಬಣ್ಣದ್ದೇ ಮೊಟ್ಟೆ. ಕಾಲಲ್ಲಿ ನಡೆಯುವವನಿಗೇ ಕಾಣಲ್ಲ, ಸ್ಟೀರಿಂಗ್ ಹಿಂದೆ ಕೂತವನಿಗೆ ಕಾಣುತ್ತಾ? ನಾಳೆ ನಾವು ಅರ್ಜಿ ಹಿಡಿದು ಹೋದಾಗ ಎದುರಿನವರು ನಮ್ಮದೇ ಟೈರಿನ ಗುರುತು ತೋರಿಸಿ "ಇದು ಯಾರದು?" ಅಂದರೆ ಬಾಯಲ್ಲಿ ಮಾತು ಬರುತ್ತಾ?

ಸರಿ. ಇಲ್ಲಿವರೆಗೂ ತಪ್ಪು ಮಾಡುವವರ ಮೇಲೆ ಎಗರಾಡಿದ್ದಾಯ್ತು. ನಿಜ ಹೇಳಬೇಕು ಅಂದರೆ ನನಗೆ ಅವರಿಗಿಂತ ಹೆಚ್ಚು ಸಿಟ್ಟಿರೋದು ಬೇರೆಯವರ ಮೇಲೆ. ನಿಯಮ ಕಾಯುತ್ತೇವೆ ಅಂತ ಕುರ್ಚಿ ಹಾಕಿಕೊಂಡು ಕೂತ ನಮ್ಮ ಹಿರಿಯರ ಮೇಲೆ.

ಒಂದು ಊರಿನ ಬಳಗದಲ್ಲಿ ಕಂಡದ್ದು. ಊರು ಯಾವುದು ಅಂತ ಬೇಡ. ಕಾಲೇಜು ಹುಡುಗನೊಬ್ಬ ಹೊಸದಾಗಿ ಸೇರಿದ್ದ. ಕೈಯಲ್ಲಿ ಹಳೇ ಮೊಬೈಲು. ಹಾಸ್ಟೆಲ್ ಬಾಲ್ಕನಿಯ ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು, ಸಂಭ್ರಮದಲ್ಲಿ ಒಂದು ಫೋಟೋ ತೋರಿಸಿದ. ಹಿರಿಯರು ಎಲ್ಲರೆದುರಿಗೆ ಬಿದ್ದರು ಅವನ ಮೇಲೆ. ನಾಚಿಕೆ ಆಗಲ್ವಾ, ಕಾನೂನು ಗೊತ್ತಾ, ನಿಮ್ಮಂಥವರಿಂದಲೇ ಕಾಡು ಹಾಳಾಗಿದ್ದು, ಇತ್ಯಾದಿ. ಅವನು "ಸಾರಿ ಸರ್" ಅಂದವನು ಮತ್ತೆ ಕಾಣಿಸಲಿಲ್ಲ. ಕಾಡಿಗೂ ಅವನಿಗೂ ಸಂಬಂಧವೇ ಇರಲಿಲ್ಲ. ಹಕ್ಕಿಯೇ ಅವನ ಮನೆ ಬಾಗಿಲಿಗೆ ಬಂದಿತ್ತು! ಒಬ್ಬರು ಪಕ್ಕಕ್ಕೆ ಕರೆದು "ತಮ್ಮಾ, ಚೆನ್ನಾಗಿದೆ. ಇನ್ನು ಎರಡು ವಾರ ಆ ಬಾಗಿಲು ಕಡಿಮೆ ತೆಗಿ, ಬೆಕ್ಕು ಬರದ ಹಾಗೆ ನೋಡ್ಕೋ, ಯಾವ ದಿನ ಏನಾಯ್ತು ಅಂತ ಒಳಗಿನಿಂದಲೇ ನೋಡಿ ಬರೆದಿಡು" ಅಂದಿದ್ದರೆ ಸಾಕಿತ್ತು. ನಮಗೆ ಒಬ್ಬ ಒಳ್ಳೆ ನೋಡುಗ ಸಿಗುತ್ತಿದ್ದ.

ಅದೇ ವರ್ಷ ಅದೇ ಹಿರಿಯರಲ್ಲಿ ಇಬ್ಬರು ತೀರ್ಪುಗಾರರಾಗಿ ಕೂತ ಸ್ಪರ್ಧೆಯಲ್ಲಿ ಬಹುಮಾನ ಯಾವುದಕ್ಕೆ ಬಂತು ಹೇಳಿ? ಸೂರಕ್ಕಿ ಗೂಡಿಗೆ. ಗೂಡಿನ ಪಕ್ಕದ ಕಡ್ಡಿಯ ತುದಿ ಬೆಳ್ಳಗೆ, ಹೊಸದಾಗಿ ಕತ್ತರಿಸಿದ್ದು, ಫೋಟೋದಲ್ಲೇ ಕಾಣುತ್ತೆ. ಅಕ್ಕಪಕ್ಕದ ಎಲೆ ಬಾಡಿದೆ. ಹಿಂದೆ ಒಂದು ಕಡ್ಡಿ ಕಸ ಇಲ್ಲದ ಹಸಿರು ಪರದೆ. ತೆಗೆದವರು ಊರಿನ ದೊಡ್ಡ ಮನುಷ್ಯರು, ಲೆನ್ಸಿನ ಬೆಲೆಯಲ್ಲಿ ಒಂದು ಕಾರು ಬರುತ್ತೆ. ನಾನು ಎದ್ದು ಕೇಳಿದ್ದಕ್ಕೆ "ಅವರು ಅನುಭವಸ್ಥರು, ಹಕ್ಕಿಗೆ ತೊಂದರೆ ಆಗದ ಹಾಗೆ ತೆಗೆದಿರ್ತಾರೆ" ಅಂದರು. ಮೊಬೈಲಿನವನಿಗೆ ಕಾನೂನು, ಕಾರಿನ ಬೆಲೆಯ ಲೆನ್ಸಿನವನಿಗೆ ಅನುಭವ!

ಇದರಿಂದ ಏನಾಗುತ್ತೆ ಗೊತ್ತಾ? ಹೊಸಬರು ನಿಯಮದ ಹಾಳೆ ಓದಿ ಕಲಿಯಲ್ಲ. ಅದು ಇರೋದೂ ಬಹಳ ಕಡೆ ಇಂಗ್ಲಿಷಿನಲ್ಲೇ. ಹಾವೇರಿಯ ಹುಡುಗ, ಶಿರಸಿಯ ಹುಡುಗಿ ಕಲಿಯೋದು ಯಾವ ಫೋಟೋಗೆ ಹಾರ ಬಿತ್ತು ಅಂತ ನೋಡಿ. ನೀವು ವೇದಿಕೆ ಮೇಲೆ ಗೂಡಿಗೆ ಹಾರ ಹಾಕಿ, ಕೆಳಗೆ ಗೂಡಿಗೆ ಹೋಗಬೇಡಿ ಅಂದರೆ ಯಾವುದನ್ನು ನಂಬಬೇಕು ಅವರು? ಮುಂದಿನ ಮಳೆಗಾಲಕ್ಕೆ ಕಪ್ಪೆ ಹಿಡಿದು ಅಣಬೆ ಮೇಲೆ ಕೂರಿಸುತ್ತಾರೆ. ಅದರ ಮುಂದಿನ ವರ್ಷ ಅಂಗಡಿಯಿಂದ ಬಿಳಿ ಇಲಿ ತಂದು ಗೂಬೆಯ ಮುಂದೆ ಬಿಡುತ್ತಾರೆ. ಗೂಬೆ ರೆಕ್ಕೆ ಬಿಚ್ಚಿ ನೇರ ಕ್ಯಾಮರಾ ಕಡೆಗೇ ಹಾರಿ ಬರುವ ಫೋಟೋ ಕಂಡಾಗ ಒಮ್ಮೆ ಕೇಳಿಕೊಳ್ಳಿ, ಕ್ಯಾಮರಾದ ಕೆಳಗೆ ಏನಿತ್ತು?

ದೊಡ್ಡವರನ್ನು ಕೇಳಲಾಗದು ಅಂತೇನಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಗಿಂತ ದೊಡ್ಡದು ಈ ಹವ್ಯಾಸದಲ್ಲಿ ಯಾವುದಿದೆ? ಬೇಲಿ ಹಾರುವ ತೋಳದ ಫೋಟೋಗೆ 2009ರ ಅತಿ ದೊಡ್ಡ ಬಹುಮಾನ ಕೊಟ್ಟರು. ಅದು ಪಳಗಿಸಿದ ತೋಳ ಇರಬೇಕು ಅನ್ನುವ ತೀರ್ಮಾನಕ್ಕೆ ಬಂದು 2010ರ ಜನವರಿಯಲ್ಲಿ ವಾಪಸ್ ತಗೊಂಡರು. ಗೆದ್ದಲು ಹುತ್ತದ ಬುಡದಲ್ಲಿ ಇರುವೆಭಕ್ಷಕ ನಿಂತಿದ್ದ ಫೋಟೋಗೆ 2017ರಲ್ಲಿ ಒಂದು ವಿಭಾಗದ ಬಹುಮಾನ ಬಂತು. ಅದು ಹುಲ್ಲು ತುಂಬಿದ ಸತ್ತ ಪ್ರಾಣಿ ಇದ್ದ ಹಾಗಿದೆ ಅಂತ ಪರಿಣತರು ಹೇಳಿದ ಮೇಲೆ 2018ರಲ್ಲಿ ಅದನ್ನೂ ಕಿತ್ತುಕೊಂಡರು. ಎರಡು ಸಲವೂ ತೆಗೆದವರು ಅಲ್ಲಗಳೆದರು. ಮ್ಯೂಸಿಯಮ್ಮಿನವರು ಜಗತ್ತಿನೆದುರು ತಮ್ಮ ಆಯ್ಕೆಯೇ ತಪ್ಪಾಯಿತು ಅಂತ ಒಪ್ಪಬೇಕಾಯ್ತು. ಆದರೂ ಮಾಡಿದರು. ನಮ್ಮ ತಾಲೂಕು ಮಟ್ಟದ ಕಪ್ಪು, ಶಾಲು, ಹಣ್ಣಿನ ಬುಟ್ಟಿಯನ್ನು ವಾಪಸ್ ಪಡೆಯೋಕೆ ಇಷ್ಟು ಕಷ್ಟವೇ?

ಕೇಳುವುದಕ್ಕೂ ಒಂದು ರೀತಿ ಇದೆ ಅನ್ನಿ. ಹಕ್ಕಿ ಪಟ್ಟಿ ಮಾಡುವವರಿಗೆ ಇ-ಬರ್ಡ್ ಗೊತ್ತಿರುತ್ತೆ, ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರು 2002ರಲ್ಲಿ ಶುರುಮಾಡಿದ್ದು. ಅಲ್ಲಿ ಆ ಜಿಲ್ಲೆಯಲ್ಲಿ, ಆ ತಿಂಗಳಲ್ಲಿ ಸಾಮಾನ್ಯವಾಗಿ ಕಾಣದ ಹಕ್ಕಿ ಕಂಡೆ ಅಂತ ಬರೆದರೆ ಸಂಬಳವಿಲ್ಲದ ಪರಿಶೀಲಕರೊಬ್ಬರು ಕಾಗದ ಬರೀತಾರೆ. ದಯವಿಟ್ಟು ವಿವರ ಕೊಡಿ, ಫೋಟೋ ಇದೆಯಾ, ಇದೇ ಥರ ಕಾಣುವ ಇನ್ನೊಂದು ಹಕ್ಕಿ ಅಲ್ಲ ಅಂತ ಹೇಗೆ ತಿಳಿಯಿತು ಅಂತ. ಒಪ್ಪಿಗೆ ಆಗದಿದ್ದರೆ ನಿಮ್ಮ ಸ್ವಂತ ಪಟ್ಟಿಯಲ್ಲಿ ಅದು ಹಾಗೇ ಇರುತ್ತೆ, ಎಲ್ಲರೂ ನೋಡುವ ಲೆಕ್ಕಕ್ಕೆ ಮಾತ್ರ ಸೇರಲ್ಲ. ನೋಡಿ, ಎಷ್ಟು ಮರ್ಯಾದೆಯ ವ್ಯವಸ್ಥೆ! ನೀನು ಸುಳ್ಳ ಅನ್ನಲಿಲ್ಲ, ಊರಿಗೆಲ್ಲ ಸಾರಲಿಲ್ಲ, ಹಾಗಂತ ಬಿಟ್ಟೂ ಬಿಡಲಿಲ್ಲ. ಇಷ್ಟಿದ್ದೂ "ನನ್ನನ್ನೇ ಕೇಳ್ತಾರಾ, ಮೂವತ್ತು ವರ್ಷದಿಂದ ಹಕ್ಕಿ ನೋಡ್ತಿದೀನಿ" ಅಂತ ಮುನಿಸಿಕೊಂಡವರು ಇದ್ದಾರೆ. ಮೂವತ್ತು ವರ್ಷ ನೋಡಿದವರು ಎರಡು ಸಾಲು ವಿವರ ಬರೆಯೋಕೆ ಯಾಕೆ ಹಿಂಜರೀತಾರೋ ನನಗಂತೂ ಅರ್ಥವಾಗಿಲ್ಲ.

ಇಷ್ಟೆಲ್ಲ ಲಂಡನ್, ಅಮೆರಿಕ ಯಾಕೆ, ಮದ್ದೂರು ತಾಲೂಕಿಗೆ ಬನ್ನಿ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋದು ಕಾಡಿನಲ್ಲಲ್ಲ, ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರದಲ್ಲಿ. ಮೀನಿನ ವಾಸನೆ, ಮೇಲಿಂದ ಬೀಳುವ ಹಿಕ್ಕೆ, ಗಲಾಟೆ, ಎಲ್ಲ ಆ ಊರಿನವರಿಗೆ. ಹಕ್ಕಿ ಇರುವ ಮರದ ಹುಣಸೆಹಣ್ಣಿನ ಆಸೆ ಬಿಡಬೇಕು. ಹಿಕ್ಕೆ ಗೊಬ್ಬರ ಆಗುತ್ತೆ ಅನ್ನೋದು ನಿಜ, ಆದರೆ ಬರೀ ಗೊಬ್ಬರಕ್ಕಾಗಿ ಯಾರೂ ತಲೆಮಾರುಗಟ್ಟಲೆ ಇಷ್ಟು ಸಹಿಸಲ್ಲ. ಅಲ್ಲಿನ ಯುವಕರು ಹೆಜ್ಜಾರ್ಲೆ ಬಳಗ ಅಂತ ಮಾಡಿಕೊಂಡು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿ ಹಾರಿಬಿಟ್ಟಿದ್ದಾರೆ. ಅಲ್ಲಿ ಹೋಗಿ ಗೂಡಿರುವ ಮರಕ್ಕೆ ಕಲ್ಲು ಬೀರಿ ನೋಡಿ, ನೀವ್ಯಾವ ದೊಣ್ಣೆನಾಯಕ ಅಂತ ಕೇಳುವ ಅವಕಾಶವೂ ಸಿಗಲ್ಲ. ಮನೆಯೊಳಗಿನ ಅಜ್ಜಿಯೇ ದೊಣ್ಣೆ ಹಿಡಿದು ಬಂದಾಳು.

ಆದ್ದರಿಂದ ಉತ್ತರ ಇದು: ನಾನು ಯಾವ ನಾಯಕನೂ ಅಲ್ಲ, ಇಲ್ಲಿ ಇರುವವರಲ್ಲಿ ಒಬ್ಬ. ಕೇಳೋಕೆ ಅಷ್ಟು ಸಾಕು. ನಮ್ಮ ಬಳಗದ ಮುಂದೆ ನಾನು ಇಟ್ಟಿರುವ ಬೇಡಿಕೆಯೂ ದೊಡ್ಡದಲ್ಲ. ಗೂಡು, ಮೊಟ್ಟೆ, ಗೂಡಿನಲ್ಲಿರುವ ಮರಿಯ ಫೋಟೋ ಪ್ರದರ್ಶನಕ್ಕೂ ಬೇಡ, ಸ್ಪರ್ಧೆಗೂ ಬೇಡ, ಅಧ್ಯಕ್ಷರದ್ದಾದರೂ ಸರಿ. ಅಧ್ಯಯನಕ್ಕೆ ಅನುಮತಿ ಪಡೆದು ತೆಗೆಯುವವರ ಮಾತು ಬೇರೆ, ಅವರಿಗೆ ಬಹುಮಾನದ ಹಂಗೂ ಇಲ್ಲ. ಹೊಸಬ ತಪ್ಪಿದರೆ ಒಬ್ಬರು ಒಬ್ಬಂಟಿಯಾಗಿ ಹೇಳಲಿ. ಹಳಬ ತಪ್ಪಿದರೆ, ಗೊತ್ತಿದ್ದೂ ಮಾಡಿದ್ದರಿಂದ, ಎಲ್ಲರೆದುರೇ ಹೇಳಲಿ. ನಿಯಮ ಕನ್ನಡದಲ್ಲಿರಲಿ. ನೀರಿನ ಬಟ್ಟಲಿಟ್ಟು ಮರೆಯಲ್ಲಿ ಕೂತು ತೆಗೆಯುವುದರ ಬಗ್ಗೆ ನನಗೆ ಅಷ್ಟು ತಕರಾರಿಲ್ಲ, ಬಾಯಾರಿದ್ದು ಬರುತ್ತೆ, ಕುಡಿದು ಹೋಗುತ್ತೆ. ಬೇರೆಯವರಿಗೆ ಅದರಲ್ಲೂ ತಕರಾರಿದ್ದರೆ ಕೂತು ಮಾತಾಡೋಣ.

ಉಳಿದದ್ದು ಜಾಗದ ವಿಷಯ. "ಲೊಕೇಶನ್ ಪ್ಲೀಸ್" ಅನ್ನುವವರಿಗೆ ಸಿಟ್ಟು ಬರೋದು ಇದರಲ್ಲೇ. ಮಾಟ ಮಂತ್ರದ ಹೆಸರಲ್ಲಿ ನಮ್ಮ ದೇಶದಲ್ಲಿ ಗೂಬೆಗಳನ್ನು ಹಿಡಿದು ಮಾರುತ್ತಾರೆ, ದೀಪಾವಳಿ ಹತ್ತಿರ ಬಂದಾಗ ಹೆಚ್ಚು. ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲೇ ಇದರ ಬಗ್ಗೆ ವರದಿ ತಂದಿದೆ. ಕಾಡುಪಾಪಕ್ಕೂ ಇದೇ ಗತಿ, ನಕ್ಷತ್ರ ಆಮೆ ಸಾಕುವವರ ಪಾಲು. ಹಿಡಿಯುವವನಿಗೆ ಕಷ್ಟವಾಗಿದ್ದದ್ದು ಹುಡುಕುವುದು. ಅದನ್ನು ನಾವು ಬಿಟ್ಟಿಯಾಗಿ ಮಾಡಿಕೊಡುತ್ತಿದ್ದೇವೆ. ಊರಿನ ಹೆಸರು ಬರೆಯದಿದ್ದರೂ ಮೊಬೈಲಿನ ಫೋಟೋದೊಳಗೇ ಅಕ್ಷಾಂಶ ರೇಖಾಂಶ ಕೂತಿರುತ್ತೆ, ಕಡತ ಹಾಗೇ ಕಳಿಸಿದರೆ ಅದೂ ಜೊತೆಗೇ ಹೋಗುತ್ತೆ. ಕ್ಯಾಮರಾ ಸೆಟ್ಟಿಂಗಿನಲ್ಲಿ ಆ ಗುರುತನ್ನು ಆರಿಸುವುದಕ್ಕೆ ಅರ್ಧ ನಿಮಿಷ ಸಾಕು. ಇ-ಬರ್ಡಿನವರು ಕೆಲವು ಹಕ್ಕಿಗಳನ್ನು ಸೂಕ್ಷ್ಮ ಅಂತ ಗುರುತಿಸಿ, ಕಂಡ ಜಾಗವನ್ನು ಬೇರೆಯವರಿಗೆ ತೋರಿಸದೆ ಇಡುವುದು ಇದೇ ಕಾರಣಕ್ಕೆ. ಪಟ್ಟಿಯಲ್ಲಿ ಇಲ್ಲದ ಹಾಲಕ್ಕಿಗೂ ನಾವೇ ಅಷ್ಟು ಮಾಡಬಹುದಲ್ಲ.

ಹೋದ ತಿಂಗಳು ಹಾಕಿದ ಹಾಲಕ್ಕಿ ಜೋಡಿಯ ಫೋಟೋ ಎಲ್ಲಿಯದು ಅಂತ ಈವರೆಗೆ ಹನ್ನೊಂದು ಜನ ಕೇಳಿದ್ದೀರಿ. ತುಮಕೂರು ಜಿಲ್ಲೆ.